ನೂರಾ ಹತ್ತು ನಿಮಿಷ

ಹೈದರಾಬಾದಿನಾಗ ರಾತ್ರಿ ಮೂರಕ್ಕ
ನೆಲಮಾಳಿಗ್ಯಾಗಿನ ಮಷೀನು ತಿರುಗಿ ನಿಂತದ.
ಸೀಸದ ಡಬ್ಬಿ ಹಿಂದಿನ ಸೀಟಿಗೆ ಬಿಗದು
ರಾತ್ರಿಪಾಳಿ ಹುಡುಗ ಸಹಿ ತಗೊಂಡ:
"ಹುಸೇನಪ್ಪ, ಈಗಿಂದ ಹಿಡಿ ಎಣಿಕಿ,
ನೂರಾ ಹತ್ತು ನಿಮಿಷಕ್ಕ ಅರ್ಧ."

ಅರ್ಧ ಅಂದ್ರ ಏನಂತ ಮೊದಮೊದಲು ತಿಳೀಲಿಲ್ಲ.
ಸೋರತದೇನು, ಹಾಲಿನ ಕ್ಯಾನೇನು ಇದು?
ಒಂದಿನ ಚಾ ಕುಡಿಯೋ ಮುಂದ ಅವನ ಹೇಳಿದ:
ನಡುವ ಬಿಟ್ಟ ಕಣ ಸುತ್ತು ಹೊಡೀತದ,
ಅರ್ಧ ಸುತ್ತಿಗೊಮ್ಮೆ ಒಂದು ನೂಕು,
ನೂಕಿದಷ್ಟೂ ಸುತ್ತು ಅಗಲ,
ಅಗಲಾಗಿ ಅಗಲಾಗಿ ಅಂಚಿಗೆ ಬಂದು
ಹೊರಗ ಜಿಗದು ನೀರಿಗೆ ಬಡೀತದ.
ಇದು ಬೀಸೂಕಲ್ಲಲ್ಲೇನೋ, ನಾ ಅಂದೆ.
ನಮ್ಮ ಆಯಿ ನಡುವಿನ ಬಾಯಿಗೆ ಹಿಡಿ ಜ್ವಾಳ ಹಾಕಿ
ಗೂಟ ನೂಕತಿದ್ದಳು,
ಅಂಚಿನ್ಯಾಗ ಹಿಟ್ಟು ಬೀಳತಿತ್ತು.
ಅಂವ ಹೂಂ ಅಂದ. ಖರೇನ ಹೂಂ ಅಂದನೋ,
ಡ್ರೈವರ್ ಅಂತ ಹೂಂ ಅಂದನೋ.

ಜಡಚರ್ಲಾದಾಗ ಉಚ್ಚಿಗೂ ನಿಲ್ಲಂಗಿಲ್ಲ.
ಮೆಹಬೂಬನಗರ ದಾಟೂದ್ರಾಗ ಅರ್ಧ ಹೋತು.
ಮಕ್ತಲ್ ಹತ್ರ ಕಣ್ಣು ಎಳೀತಾವ,
ಒಣ ಮೆಣಸಿನಕಾಯಿ ಕಡೀತೀನಿ.
ಕೃಷ್ಣಾ ಬ್ರಿಜ್ಜಿನ ಮ್ಯಾಲೆ ಬೆಳಕು ಹರದಾಗ
ಶಕ್ತಿನಗರದ ಚಿಮಣಿ ಕಾಣಬೇಕು,
ಡಬ್ಬಿಯೊಳಗ ಪಾವು ಉಳದಿರಬೇಕು.
ಅದು ಲೆಕ್ಕ.

ಇವತ್ತ ಬ್ರಿಜ್ಜಿನ ಮ್ಯಾಲೆ ಹತ್ತಿ ಲಾರಿ ಅಡ್ಡ ಬಿದ್ದದ.
ಮಂದಿ ಅಂಡಿಗಿ ಇಳಸತಾರ, ಬೈತಾರ,
ಕೆಳಗ ಹೊಳಿ ತನ್ನ ಪಾಡಿಗೆ.
ಹಿಂದಿನ ಸೀಟಿನಾಗ ಸದ್ದಿಲ್ಲ, ವಾಸನಿಲ್ಲ,
ಎಂಟು ನಿಮಿಷ.
ಇಪ್ಪತ್ತು.
ನಲವತ್ತೈದು.

ರಾಯಚೂರು ದವಾಖಾನ್ಯಾಗ ರಾತ್ರಿಯಿಂದ ಉಪಾಸ ಮೂವರು.
ನಾಜನೀನ ಮೇಡಂ ಮೀಟರ್ ನೋಡಿ
"ಇಬ್ಬರಿಗೆ ಸಾಕಾಗ್ತದ" ಅಂದ್ರು. ಅಷ್ಟ.

ಮೂರನೇದಾಕಿ ದೇವದುರ್ಗದ ಅಂಗನವಾಡಿ ಟೀಚರು, ತಾಯಮ್ಮ.
ಮೆಟ್ಟಲ ಮ್ಯಾಲೆ ಕುಂತು ಸುಸಲಾ ಗಂಟು ಬಿಚ್ಚಿದಳು,
ನನಗೂ ಒಂದು ಹಿಡಿ.
"ಸಕ್ಕರಿಯಂತಲ್ಲ ಅದು? ಒಳಗಿನ ಗಡ್ಡಿಗೆ ಭಾಳ ಹಸಿವಂತ,
ಎಲ್ಲಾರಕಿಂತ ಮೊದಲ ಓಡಿ ಬಂದು ತಿಂತದಂತ,
ತಿಂದು ಮಷೀನಿಗೆ ಸಿಕ್ಕಿಬೀಳತದಂತ.
ನಮ್ಮಲ್ಲೂ ಹಂಗ ನೋಡು, ಬೆಲ್ಲದ ಡಬ್ಬಿ ತೆಗದ್ರ
ಕಳ್ಳ ತಾನ ಎದ್ದು ಬರತಾನ."
ನಗಬೇಕೋ ಬ್ಯಾಡೋ ತಿಳೀಲಿಲ್ಲ. ಆಕಿನೇ ನಕ್ಕಳು.

ಬ್ರಿಜ್ಜಿನ ಸುದ್ದಿ ಬಾಯಿತನ ಬಂದಿತ್ತು.
"ಗುರುವಾರ ಬರ್ರಿ" ಅಂದೆ.
"ಯಾರು ತರತಾರ?"
"ನಾನ."
"ಹಂಗಾರ ಬುಧವಾರ ಸಂಜೀಕ ಮಲಗಿ ಎದ್ದು ಹೋಗು.
ಕಣ್ಣು ಕೆಂಪಗ ಆಗ್ಯಾವ."

ಖಾಲಿ ಡಬ್ಬಿ ಎತ್ತಿ ಗಾಡಿಯೊಳಗ ಇಟ್ಟೆ.
ಭಾರ ತುಂಬಿದಾಗಿನಷ್ಟ ಅದ.