ನಲವತ್ನಾಲ್ಕನೇ ಚೀಟಿ

ಯಾದೃಚ್ಛಿಕ ಎಂದು ಬರೆದೆ ಕರಿಹಲಗೆಯ ಮೇಲೆ.
ಏಳನೇ ಈಯತ್ತೆಯ ನಾಲಿಗೆಗಳು
ದೃ ದಾಟಿ, ಚ್ಛಿಯ ಹತ್ತಿರ ಬಂದು ಬಿದ್ದವು.
"ಅಂದ್ರ ಚೀಟಿ ಎತ್ತೂದಲ್ರೀ ಟೀಚರ?" ಎಂದ ಸಂಗನಬಸು.
ಹೌದಪ್ಪ, ಅಷ್ಟೇ. ಪುಸ್ತಕಕ್ಕೆ ಅದು ಗೊತ್ತಿಲ್ಲ.

ತಿಕೋಟಾದ ಮಕ್ಕಳಿಗೆ ಮಾದರಿ ಹೊಸದಲ್ಲ.
ವ್ಯಾಪಾರಿ ಬರುತ್ತಾನೆ, ಒಣದ್ರಾಕ್ಷಿಯ ಬಾಕ್ಸು ಬಿಚ್ಚಿಸುತ್ತಾನೆ,
ಹಿಡಿ ತೆಗೆದು ಅಂಗೈಯಲ್ಲಿ ಉರುಳಿಸಿ
ನಾಲ್ಕು ಬಾಯಿಗೆ ಹಾಕಿಕೊಂಡು
ಇಡೀ ರಾಶಿಗೆ ದರ ಹೇಳುತ್ತಾನೆ.
"ಅದಕ್ಕ ನಮ್ಮಪ್ಪ ಛಲೋವು ಮ್ಯಾಲ ಹಾಕ್ತಾನ್ರಿ"
ಅಂದಳು ದಾವಲಬಿ; ಅಂದ ಮೇಲೆ ಬಾಯಿ ಮುಚ್ಚಿಕೊಂಡಳು.
ವರ್ಗ ನಕ್ಕಿತು.
ಪಾಠವನ್ನು ನಾನು ಅಲ್ಲಿಗೇ ಮುಗಿಸಬಹುದಿತ್ತು.

ಮುಗಿಸಲಿಲ್ಲ. ಪ್ರಶ್ನೆ ಹಾಕಿದೆ:
ಮನೆಯಿಂದ ಸಾಲಿಗೆ ಎಷ್ಟು ನಿಮಿಷದ ದಾರಿ?
ಐವತ್ತೆರಡು ಮಂದಿಯನ್ನೂ ಕೇಳುವುದು ಬೇಡ, ಹತ್ತು ಸಾಕು.
ಮುಂದಿನ ಬೆಂಚು ಆಗಲೇ ಕೈ ಎತ್ತಿತ್ತು.
ಮುಂದಿನ ಬೆಂಚು ಯಾವಾಗಲೂ ಎತ್ತುತ್ತದೆ,
ಅವರ ಮನೆಗಳು ಬಸ್ ಸ್ಟ್ಯಾಂಡಿನ ಹಿಂದೆಯೇ.
ನೀವು ಮೇಲಿನ ಪದರದ ದ್ರಾಕ್ಷಿ ಕಣ್ರೋ, ಎಂದೆ.
ಅವರಿಗೆ ಖುಷಿಯಾಯಿತು.

ಹಾಜರಿ ನಂಬರು ಬರೆದ ಚೀಟಿಗಳನ್ನು ಮಡಚಿ
ನನ್ನ ಊಟದ ಡಬ್ಬಿಗೆ ಹಾಕಿ ಕುಲುಕಿದೆವು.
ಶೇಂಗಾ ಚಟ್ನಿಯ ಘಾಟು ಎಲ್ಲ ನಂಬರುಗಳಿಗೂ ಹತ್ತಿತು.
ಹನ್ನೊಂದು: ಆರು ನಿಮಿಷ.
ಮೂವತ್ತು: ಹತ್ತು, "ಓಡಿದ್ರ ಐದು".
ಎರಡು: ಎಂಟು.
ನಲವತ್ನಾಲ್ಕು.
ಯಾರೂ ಏಳಲಿಲ್ಲ.

"ಶೇವಂತಾ ರಾಠೋಡ್ರಿ. ಸೋಮವಾರದಿಂದ ಬಂದಿಲ್ರಿ."
"ಬ್ಯಾರೆ ತಗೀರಿ ಟೀಚರ, ಇನ್ನಾ ಭಾಳ ಚೀಟಿ ಅದಾವು."

ಕೈ ಡಬ್ಬಿಯೊಳಗೆ ಹೋಗಿತ್ತು, ಸುಳ್ಳು ಹೇಳುವುದಿಲ್ಲ.
ಬೆರಳಿಗೆ ಇನ್ನೊಂದು ಸಿಕ್ಕೂ ಇತ್ತು.
ಆಗ ಹಿಂದಿನಿಂದ, ವರ್ಷವಿಡೀ ಮಾತಾಡದ ಮಾಳಪ್ಪ,
ಎದ್ದು ನಿಲ್ಲದೆಯೇ:
"ಆಕಿ ತಾಂಡಾ ಭಾಳ ದೂರ ಐತ್ರಿ.
ದೂರದವ್ರಽ ತಪ್ಪಸ್ತಾರ್ರಿ.
ಬಂದವ್ರನ್ನಽ ಕೇಳಿದ್ರ
ಸಾಲಿ ಎಲ್ಲಾರಿಗೂ ಹತ್ತರ ಆಕ್ಕೈತ್ರಿ."

ಹದಿನಾಲ್ಕು ವರ್ಷ ಈ ಪಾಠ ಮಾಡಿದ್ದೇನೆ.
ಬೆರಳಿನ ಚೀಟಿಯನ್ನು ಡಬ್ಬಿಯಲ್ಲೇ ಬಿಟ್ಟೆ.
ಹಲಗೆಯ ಮೇಲೆ ಸರಾಸರಿ ಎಂದು ಬರೆದು
ಮುಂದಿನ ಜಾಗ ಖಾಲಿ ಇಟ್ಟೆ.

ಸಂಜೆ ಗಡಿಯಾರ ನೋಡಿ ಗೇಟಿನಿಂದ ಹೊರಟೆ.
ಕೆನಾಲು, ಜಾಲಿ, ದ್ರಾಕ್ಷಿ ಪಡದ ತಂತಿಬೇಲಿ.
ಚಪ್ಪಲಿಯ ಉಂಗುಟ ಕಿತ್ತಿತು, ಅದಕ್ಕೆ ಮೂರು ನಿಮಿಷ;
ಆ ಮೂರನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ
ಎಂಬುದಕ್ಕೆ ಇನ್ನೊಂದು.
ಹಸಿರು ಪರದೆಯ ಶೆಡ್ಡಿನಲ್ಲಿ ಹೆಂಗಸರು ಕುಳಿತು
ಕಡ್ಡಿ ಬಿಡಿಸುತ್ತಿದ್ದರು, ಕಂದು ಇತ್ತ, ಹಸಿರು ಅತ್ತ.
ಶೇವಂತಾ ತಮ್ಮನನ್ನು ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು.
"ನಾಳಿ ಬರ್ತೀನ್ರಿ" ಎಂದಳು, ನಾನು ಬಾಯಿ ತೆರೆಯುವ ಮೊದಲೇ.

ಬೈಯಾಕ ಬಂದಿಲ್ಲವ್ವ. ಎಷ್ಟು ನಿಮಿಷ ನಿನಗ, ಸಾಲಿಗೆ?
ಅವಳು ಯೋಚಿಸಿದಳು.
ಗಣಿತದ ತಾಸಿನಲ್ಲಿ ಇಷ್ಟು ಯೋಚಿಸಿದ್ದನ್ನು ನಾನು ಕಂಡಿಲ್ಲ.
"ಹಾಲಿನ ಗಾಡಿ ಸಿಕ್ರ ಹತ್ತು.
ನಡದ್ರ ನಲವತ್ತು." ನನ್ನ ಗಡಿಯಾರದಲ್ಲಿ ಐವತ್ತೊಂದು.
"ಇವನ್ನ ಮಲಗಿಸಿ ಬರಬೇಕಂದ್ರ..."
ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು,
"ಯಾವ ದಿನದ್ದು ಬರಕೊಳ್ತೀರಿ, ಟೀಚರ?"

ಪೆನ್ಸಿಲ್ಲು ಕೈಯಲ್ಲೇ ಇತ್ತು.
ಅವಳ ತಾಯಿ ಒಂದು ಹಿಡಿ ದ್ರಾಕ್ಷಿ ಕೊಟ್ಟಳು,
ರಾಶಿಯ ನಡುವಿನಿಂದ, ಆರಿಸದೆ.
ಹಿಂದಿರುಗುವ ದಾರಿಯಲ್ಲಿ ಒಂದೊಂದೇ ಬಾಯಿಗೆ ಹಾಕಿಕೊಂಡೆ.
ಎರಡು ಸಿಹಿ. ಒಂದು ಹುಳಿ.
ಒಂದರಲ್ಲಿ ಇನ್ನೂ ಕಡ್ಡಿ.