ದರಪಟ್ಟಿ

ಸಿರುಗುಪ್ಪದ ಬಸ್‌ಸ್ಟ್ಯಾಂಡಿನ ಎದುರು
ಎರ್ರೆಮ್ಮನ ಹೋಟೆಲಿಗೆ ಬೋರ್ಡು ಬರೆಯಲು ಕೂತಿದ್ದೆ.
ಚಹಾ ಆಯಿತು, ಇಡ್ಲಿ ಆಯಿತು,
ಮೂರನೆಯ ಸಾಲಿಗೆ ಕುಂಚ ನಿಂತಿತು.

ನೆನೆಸಿ ಹಿಂಡಿದ ಮಂಡಾಳಿಗೆ
ಉಳ್ಳಾಗಡ್ಡಿ, ಪುಟಾಣಿ ಪುಡಿ ಬಿದ್ದು
ಅರಿಶಿನ ಬಳಿದುಕೊಂಡು ಬುಟ್ಟಿ ತುಂಬ ಕೂತದ್ದು,
ಅದರ ಹೆಸರೇನು ಬರೆಯಲಿ?

‘ವಗ್ಗಾಣಿ’ ಅಂದ ಆದೋನಿ ಬಸ್ಸಿನ ಕಂಡಕ್ಟರ್.
ಅವನ ಡ್ರೈವರ್ ಬಾಯಲ್ಲಿ ಅದೇ ‘ಉಗ್ಗಾಣಿ’.
‘ಸುಸಲಾ’ ಅಂದರು ಕುಷ್ಟಗಿಯ ಬೀಗರು.
‘ಒಗ್ಗರಣಿ ಬರಿಯೋ ಮೌಲಾಲಿ’ ಅಂದಳು ಎರ್ರೆಮ್ಮ
ಕಾಯುವ ಎಣ್ಣೆ ನೋಡುತ್ತ, ನನ್ನನ್ನು ನೋಡದೆ.

ಬೆಂಗಳೂರಿನ ಆಡಿಟ್ ಸಾಹೇಬರು ತಲೆಯೆತ್ತಿದರು:
‘ಒಗ್ಗರಣೆ, ಸರಿ. ಯಾವುದಕ್ಕೆ?’
ಬೆಂಚಿಗೆ ಬೆಂಚೇ ನಕ್ಕಿತು.
ಪಾಪ, ಅವರ ಕಡೆ ಅದು ಸಾರಿನ ಕೊನೆಯ ಚುರ್.
ಬಾಲವೇ ಇಲ್ಲಿ ಕುದುರೆ.

ಉಳ್ಳಾಗಡ್ಡಿ ಮಾಸ್ತರರು ಕನ್ನಡಕ ಒರೆಸಿಕೊಂಡರು:
‘ಒಗ್ಗು ಅಂದರೆ ಹೊಂದು. ಅದರಿಂದ ಬಂದಿರಬೇಕು.’
‘ಹಂಗಾದರ ನಿಮ್ಮ ಮನಿತನಕ್ಕ ಉಳ್ಳಾಗಡ್ಡಿ ಎಲ್ಲಿಂದ ಬಂತ್ರಿ?’
ಮೂರು ತಲೆಮಾರು ಸುಣ್ಣದ ಭಟ್ಟಿಯವರು,
ಒಂದು ಗಡ್ಡೆ ಊರಿದವರಲ್ಲ.
ಮಾಸ್ತರರು ಚಹಾಕ್ಕೆ ಬಾಯಿಟ್ಟರು.

ಆಗ ಎದ್ದಿತು ಮೆಣಸಿನಕಾಯಿಯ ವ್ಯಾಜ್ಯ.
ಹಡಗು ಹತ್ತಿ ಬಂದದ್ದಂತೆ ಅದು, ಬರಿಗೈಯಲ್ಲಿ.
ಮನೆಯೊಳಗಿದ್ದ ಮೆಣಸಿನ ಹೆಸರನ್ನು ಕಡ ಕೇಳಿ
ಇವತ್ತಿಗೂ ತಿರುಗಿಸಿಲ್ಲ.
ಹಳೆಯ ಮೆಣಸೇ ಈಗ ‘ಕರಿ’ ಅಂತ ಗುರುತು ಹೇಳಿಕೊಂಡು
ಅಂಗಡಿಯಲ್ಲಿ ಕೂರಬೇಕು.
ಊರಿಗೆ ಬಂದದ್ದು ಎಣ್ಣೆಗೆ ಬಾರದಿದ್ದೀತೇ?
ಹಿಟ್ಟಿನ ಅಂಗಿ ತೊಟ್ಟು ಬಾಣಲೆಗಿಳಿದದ್ದೇ
ಮತ್ತೆ ಹೆಸರು ಬದಲಿಸಿತು: ಮಿರ್ಚಿ.
ಇಲ್ಲಿ ಮೆಣಸಿನಕಾಯಿ ಕೇಳಿದರೆ
ಹಸಿಯದನ್ನೇ ಕೈಗಿಡುತ್ತಾರೆ, ನಗದೆ.

ಡಬ್ಬಿಯಲ್ಲಿ ಬಣ್ಣ ಕೆನೆಗಟ್ಟುತ್ತಿತ್ತು.
ನಾನು ಸುಳ್ಳು ಹೇಳಿದಾಗೆಲ್ಲ ನಮ್ಮವ್ವ ಅನ್ನುತ್ತಿದ್ದಳು
‘ಒಗ್ಗರಣಿ ಹಾಕಬ್ಯಾಡ, ಇದ್ದದ್ದು ಹೇಳು.’
ಇಲ್ಲಿ ನೋಡವ್ವಾ,
ಇದ್ದದ್ದೇ ಒಗ್ಗರಣಿ.

ಎರ್ರೆಮ್ಮ ಸೊಂಟಕ್ಕೆ ಕೈ ಕೊಟ್ಟಳು:
‘ನಮ್ಮತ್ತಿ ಹಿಂಗಂತಿದ್ಲು, ನಾನೂ ಹಿಂಗಂತೀನಿ.
ಅಕಿ ಅತ್ತಿ ಹಳ್ಳದ ದಂಡ್ಯಾಗ ಮಣ್ಣಾಗ್ಯಾಳ,
ಬೇಕಾದ್ರ ಹೋಗಿ ಕೇಳಿ ಬಾ.
ಮದ್ಲು ಬೋರ್ಡು ಮುಗಸು.’

ಬರೆದೆ. ಒಗ್ಗರಣಿ-ಮಿರ್ಚಿ.
ಒಂದು ಹನಿ ಜಾರಿ ದರದ ಮೇಲೆ ಬಿತ್ತು;
ಒರೆಸಿದೆ, ಕಲೆ ಹೋಗಲಿಲ್ಲ.

ಆದೋನಿ ಕಂಡಕ್ಟರ್ ಹಿಂದೆ ಬಂದು ನಿಂತು
ಅಕ್ಷರಕ್ಕೆ ಅಕ್ಷರ ಕೂಡಿಸಿ
ಗಟ್ಟಿಯಾಗಿ ಓದಿದ:
‘ವ... ಗ್ಗಾ... ಣಿ.’
ಸರಿಯಾಗಿದೆ ಅಂತ ತಲೆಯಾಡಿಸಿ
ಒಂದು ಪ್ಲೇಟ್ ಹೇಳಿದ.