ಮೂಗಿನ ಲೆಕ್ಕ

ಮೇಟಗಳ್ಳಿಯ ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷ
ನನ್ನ ಮೂಗೇ ನನ್ನ ಸಂಬಳ.
ಕಣ್ಣು ಮುಚ್ಚಿ ಹೇಳುತ್ತಿದ್ದೆ:
ಇದು ಗಂಧದೆಣ್ಣೆ, ಇದು ಗಂಧದ ಹೆಸರಿನ ಎಣ್ಣೆ,
ಈ ಹಾಲ್ಮಡ್ಡಿಗೆ ಯಾರೋ ಬೆಲ್ಲ ಕಲಸಿದ್ದಾರೆ.
ಧಣಿಗಳು ಒಂದು ಬೆಳಿಗ್ಗೆ ಬೆನ್ನು ತಟ್ಟಿ
ಮ್ಯಾನೇಜರ್ ಎಂದು ಬರೆದ ಹಲಗೆ ಕೊಟ್ಟರು,
ಜೊತೆಗೆ ತಿಂಗಳಿಗೊಂದು ಕಾಗದ.
ಅದಕ್ಕೆ ಯಾವ ವಾಸನೆಯೂ ಇರಲಿಲ್ಲ.

ಕೊನೆಯ ಸಾಲನ್ನಷ್ಟೇ ಓದಲು ಕಲಿತೆ.
ಶ್ರಾವಣದಲ್ಲಿ ಅಲ್ಲಿ ಲಾಭ, ಒಂದು ಲಕ್ಷ ಎಂಬತ್ತು ಸಾವಿರ.
ಉಬ್ಬಿಹೋದೆ. ದಸರೆಗೆಂದು ಎರಡು ಪೀಪಾಯಿ ಕೇದಗೆ ಎಣ್ಣೆ
ನಗದಿಗೆ ಕೊಂಡೆ, ನೂರಕ್ಕೆ ನಾಲ್ಕು ರಿಯಾಯಿತಿ ಅಂತ.
ಶನಿವಾರ ಸಂಜೆ ಬ್ಯಾಂಕಿನಲ್ಲಿ ಉಳಿದದ್ದು ಹನ್ನೊಂದು ಸಾವಿರ,
ಬಾಗಿಲಲ್ಲಿ ನಿಂತದ್ದು ನಲವತ್ತು ಹೆಂಗಸರು,
ಅಂಗೈ ಕಪ್ಪು, ಉಗುರಿನ ಸಂದಿಯಲ್ಲಿ ಇದ್ದಿಲ ಹಿಟ್ಟು.
ಕೆಂಪಾಜಮ್ಮ ಕೇಳಿದಳು, ಜಗಳಕ್ಕಲ್ಲ, ತಿಳಿಯಲೆಂದೇ:
"ಲಾಬ ಬಂದದೆ ಅಂತ ಪೇಡ ಹಂಚುದ್ರಲ್ಲ ಸಾ,
ಮತ್ ಕೂಲಿ ಯಾಕ್ ಸೋಮಾರಕ್ಕೆ?"

ಆ ಪ್ರಶ್ನೆ ಹೊತ್ತು ಲೆಕ್ಕದ ಕೋಣೆಗೆ ಹೋದೆ.
ಜಸಿಂತಾ ಮೇಡಂ ಕನ್ನಡಕ ಹಣೆಗೇರಿಸಿ
ಕುರ್ಚಿ ತೋರಿಸಲಿಲ್ಲ, ಎರಡಂತಸ್ತಿನ ಟಿಫಿನ್ ಡಬ್ಬಿ ತೋರಿಸಿದರು.
"ಮೇಲಿನದು ಲಾಭ. ಕೆಳಗಿನದು ದುಡ್ಡು.
ಜೈಪುರದವನಿಗೆ ಮಾಲು ಕಳಿಸಿದ ದಿನವೇ ಮೇಲಿನದು ತುಂಬುತ್ತೆ.
ಅವನು ಚೆಕ್ ಕಳಿಸೋದು ತೊಂಬತ್ತು ದಿನಕ್ಕೆ.
ಅಲ್ಲೀವರೆಗೆ ಅದನ್ನ ತೋರಿಸಬಹುದು, ತಿನ್ನೋಕಾಗಲ್ಲ."

"ಪ್ಯಾಕೆಟ್ ಎಷ್ಟು?" ಹನ್ನೆರಡು ರೂಪಾಯಿ.
"ಕಡ್ಡಿ, ಹಿಟ್ಟು, ಎಣ್ಣೆ, ಕೂಲಿ?" ಒಂಬತ್ತು.
"ಉಳಿದ ಮೂರು ಯಾರದು?"
ನಮ್ಮದು, ಅಂದೆ.
"ಶೆಡ್ಡಿನ ಬಾಡಿಗೆಯದು. ಕರೆಂಟಿನದು. ಬಡ್ಡಿಯದು.
ನನ್ನ ಸಂಬಳದ್ದು, ನಿಮ್ಮ ಸಂಬಳದ್ದೂ.
ಅರವತ್ತು ಸಾವಿರ ಪ್ಯಾಕೆಟ್ ಹೋಗೋವರೆಗೆ
ನೀವು ಇವರಿಗೆಲ್ಲ ಊದುಬತ್ತಿ ಹಚ್ಚುತ್ತಾ ಇರ್ತೀರಿ.
ಅದರ ಮುಂದಿನದು ನಿಮ್ಮ ದೇವರಿಗೆ."

ಆಮೇಲೆ ಗೋದಾಮು. ಪೀಪಾಯಿಯ ಮುಚ್ಚಳ ತೆಗೆಸಿ
"ಈಗ ನಿಮ್ಮ ವಿದ್ಯೆ. ಏನು ಬರ್ತಿದೆ?"
ಕೇದಗೆ. ಮೊದಲ ಘಮ ಸ್ವಲ್ಪ ಹಾರಿದೆ, ಅಂದೆ.
"ಹಾರಿದ್ದು ಘಮ ಅಲ್ಲ," ಅಂದರು, ಅಷ್ಟೇ,
ಬೆಳಕಿನ ಕಡೆ ನಡೆದುಬಿಟ್ಟರು.
ಅಲ್ಲೇ ನಿಂತೆ ನಾನು. ರ‍್ಯಾಕಿನಿಂದ ರ‍್ಯಾಕಿಗೆ
ಕೂಲಿ, ಬಾಡಿಗೆ, ಬಡ್ಡಿ
ಒಂದೊಂದೂ ಬೇರೆ ಬೇರೆಯಾಗಿ ಮೂಗಿಗೆ ತಾಗಿತು.

ಸವಕಳಿ ಎಂಬ ಪದವನ್ನು ಮಾತ್ರ ಯಾರೂ ಹೇಳಿಕೊಡಬೇಕಾಗಲಿಲ್ಲ.
ಕಲಸುವ ಯಂತ್ರದ ರೆಕ್ಕೆ ಎಷ್ಟು ಸವೆದಿದೆಯೆಂದು
ಅದರ ಸದ್ದಿನಲ್ಲೇ ಗೊತ್ತು.
ಒಂದೇ ದಿನ ಸತ್ತಂತೆ ಕಾಣದಿರಲೆಂದು
ವರ್ಷಕ್ಕಿಷ್ಟು ಅಂತ ಬರೆದಿಡುತ್ತಾರಂತೆ.
ಮೂಗಿನದು ಯಾವ ಕಾಲಮ್ಮಿಗೆ ಮೇಡಂ, ಅಂದೆ.
ಅವರು ನಗಲಿಲ್ಲ. ಪೆನ್ಸಿಲ್ ಚೂಪು ಮಾಡಿದರು.

ಕಾರ್ತೀಕದಲ್ಲಿ ನಾಗಪುರದ ಫೋನು.
ಐವತ್ತು ಸಾವಿರ ಪ್ಯಾಕೆಟ್, ಒಂಬತ್ತೂವರೆ ರೂಪಾಯಿಗೆ,
ಹಣ ನಾಲ್ಕು ತಿಂಗಳಿಗೆ.
ಆಷಾಢದ ನಾನಾಗಿದ್ದರೆ ಹೂಂ ಅಂದಿರುತ್ತಿದ್ದೆ.
ಪ್ಯಾಕೆಟ್ಟಿಗೆ ಎಂಟಾಣೆ ಉಳಿಯುತ್ತದೆ, ನಿಜ,
ಇಪ್ಪತ್ತೈದು ಸಾವಿರ.
ಅದಕ್ಕಾಗಿ ನಾಲ್ಕೂವರೆ ಲಕ್ಷ
ಯಾರದೋ ಅಂಗಡಿಯಲ್ಲಿ ಹೊದ್ದು ಮಲಗಬೇಕು,
ನಡುವೆ ಹದಿನೇಳು ಶನಿವಾರ.
ಅರ್ಧ ಮುಂಗಡ ಕೊಡ್ತೀರಾ, ಕೇಳಿದೆ ನನ್ನ ಮುರುಕು ಹಿಂದಿಯಲ್ಲಿ.
ಫೋನು ತಣ್ಣಗಾಯಿತು. ಗಾಜಿನಾಚೆ
ಧಣಿಗಳ ಮುಖವೂ.

ಸಂಜೆ ಬಟವಾಡೆ, ಹೊತ್ತಿಗೆ ಸರಿಯಾಗಿ.
ಕೆಂಪಾಜಮ್ಮ ನೋಟುಗಳನ್ನು ಮೂಗಿಗೆ ಹಿಡಿದು
"ಕೇದ್ಗೆ ವಾಸ್ನೆ ಬತ್ತದೆ ಸಾ," ಅಂದಳು.
ನಾನು ಮೂಸಿ ನೋಡಲಿಲ್ಲ.
ಎಣಿಸ್ಕೊ ಅಂದೆ,
ಇನ್ನೊಂದು ಸಲ.